ಹಾವು ಹರಿದ ದಾರಿ

ಬಾಗಿಲ ಬಳಿ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು ಒಳಗೆ ಹೋಗಬೇಕಿತ್ತು. 1990ರಲ್ಲಿ ಮೈಸೂರಿನ ಸಯ್ಯಾಜಿರಾವ್ ರಸ್ತೆಯ ಮಹಡಿಯೊಂದರ ಮೇಲಿದ್ದ ಆ ಕಂಪ್ಯೂಟರ್ ತರಗತಿಗೆ ದೇವರ ಮನೆಯ ಮಡಿ. ಕಿಟಕಿಗೆ ದಪ್ಪ ಪರದೆ, ಗೋಡೆಗೆ ಏಸಿ, ಧೂಳು ಕೂರದಂತೆ ಪ್ಲಾಸ್ಟಿಕ್ ಹೊದಿಕೆ ಹೊದ್ದ ಆರು ಪಿಸಿ ಎಕ್ಸ್‌ಟಿಗಳು. ಒಂದು ಯಂತ್ರಕ್ಕೆ ಇಬ್ಬರು, ವಾರಕ್ಕೆ ಮೂರು ಗಂಟೆ. ನಾನಾಗ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದೆ. ಅಪ್ಪ ಸೊಸೈಟಿಯಲ್ಲಿ ಸಾಲ ತೆಗೆದು ಫೀಸು ಕಟ್ಟಿದ್ದರು.

ಕಲಿಸುತ್ತಿದ್ದದ್ದು ಜಿಡಬ್ಲ್ಯು ಬೇಸಿಕ್. ಸಾಲಿಗೊಂದು ನಂಬರು: 10, 20, 30. ಮರೆತುಹೋದ ಸಾಲೊಂದನ್ನು ಆಮೇಲೆ 15 ಎಂದು ನಡುವೆ ತೂರಿಸಲು ಜಾಗ ಇರಲಿ ಎಂದು ಹತ್ತರ ಲೆಕ್ಕ. ಮನೆಯಲ್ಲಿ ನೋಟ್ ಪುಸ್ತಕದಲ್ಲಿ ಬರೆದು, ಫ್ಲೋಚಾರ್ಟ್ ಎಳೆದು ತಂದು, ಸರ್ ಸಹಿ ಹಾಕಿದ ಮೇಲಷ್ಟೇ ಕೀಬೋರ್ಡ್ ಮುಟ್ಟುವ ಅಪ್ಪಣೆ. ಸರಳ ಬಡ್ಡಿ, ಅವಿಭಾಜ್ಯ ಸಂಖ್ಯೆ, ಅಂಕಪಟ್ಟಿ. ಉತ್ತರ ಬಂದರೆ ಮುಗಿಯಿತು. ಎರಡು ತಿಂಗಳಾದರೂ ಇದೆಲ್ಲ ಕ್ಯಾಲ್ಕುಲೇಟರಿನಲ್ಲೇ ಆಗುವ ಕೆಲಸವಲ್ಲವೇ ಎಂದು ನನಗೆ ಬೇಸರ.

ಒಂದು ಸಂಜೆ ಪಾಠ ಬೇಗ ಮುಗಿದು ಇಪ್ಪತ್ತು ನಿಮಿಷ ಉಳಿಯಿತು. ನನ್ನ ಜೊತೆ ಕೂರುತ್ತಿದ್ದ ಗೆಳತಿ, ‘ಹಾವಿನಾಟ ಮಾಡೋಣ್ವೇನೇ?’ ಅಂದಳು. ಬೆಂಗಳೂರಿನಲ್ಲಿ ಅವಳ ದೊಡ್ಡಪ್ಪನ ಮಗ ಆಡುವುದನ್ನು ನೋಡಿದ್ದಳಂತೆ. ನಮ್ಮ ಪರದೆಯಲ್ಲಿ ಮೂಡುತ್ತಿದ್ದದ್ದು ಹಸಿರು ಅಕ್ಷರಗಳು ಮಾತ್ರ, 80 ಕಂಬ, 25 ಸಾಲು. ಹಾಗಾಗಿ ‘ಓ’ ಅಕ್ಷರಗಳನ್ನು ಸಾಲಾಗಿ ಜೋಡಿಸಿದ್ದೇ ಹಾವು, ಒಂದು ನಕ್ಷತ್ರದ ಗುರುತು ಅದರ ಊಟ.

ಮೊದಲ ಹೆಜ್ಜೆಗೇ ಹಾವು ನಿಂತುಬಿಟ್ಟಿತು. ನಾವು ಕಲಿತಿದ್ದ ಇನ್‌ಪುಟ್ ಆಜ್ಞೆ ಬಳಕೆದಾರರು ಕೀ ಒತ್ತಿ ಎಂಟರ್ ಹೊಡೆಯುವವರೆಗೂ ಎಲ್ಲವನ್ನೂ ನಿಲ್ಲಿಸಿ ಕಾಯುತ್ತದೆ. ಬಡ್ಡಿ ಲೆಕ್ಕಕ್ಕೆ ಅದು ಸರಿ, ಹಾವಿಗೆ ಆಗದು. ಕೈಪಿಡಿ ತಿರುವಿದಾಗ ಇನ್‌ಕೀ ಡಾಲರ್ ಸಿಕ್ಕಿತು. ಅದು ಕಾಯುವುದಿಲ್ಲ, ಯಾರಾದರೂ ಕೀ ಒತ್ತಿದ್ದಾರಾ ಎಂದು ಒಮ್ಮೆ ಇಣುಕಿ ಮುಂದೆ ಹೋಗುತ್ತದೆ. ಬಾಣದ ಕೀ ಒತ್ತಿದರೆ ಎರಡು ಸಂಕೇತ ಕೊಡುತ್ತದೆ: ಮೊದಲನೆಯದು ಸೊನ್ನೆ, ಎರಡನೆಯದು ಮೇಲಕ್ಕೆ ಎಚ್, ಕೆಳಕ್ಕೆ ಪಿ, ಎಡಕ್ಕೆ ಕೆ, ಬಲಕ್ಕೆ ಎಂ. ಮೂವತ್ತೈದು ವರ್ಷ ಕಳೆದರೂ ಆ ನಾಲ್ಕು ಅಕ್ಷರ ಮರೆತಿಲ್ಲ. ನೋಡು, ಬದಲಿಸು, ಚಿತ್ರ ಬರೆ, ಮತ್ತೆ ನೋಡು. ಎಲ್ಲ ಆಟಗಳ ಹೊಟ್ಟೆಯೊಳಗೂ ತಿರುಗುವ ಚಕ್ರ ಇದೇ ಎಂದು ಪುಸ್ತಕದಲ್ಲಿ ಓದಿದ್ದು ಬಹಳ ವರ್ಷಗಳ ನಂತರ.

ಹಾವೇನೋ ಹರಿಯಿತು. ಆದರೆ ತಿಂದು ಬೆಳೆದಷ್ಟೂ ನಿಧಾನವಾಗುತ್ತಿತ್ತು. ಇಪ್ಪತ್ತು ಗೆಣ್ಣಿನ ಹಾವು ತೆವಳಿದರೆ, ಮೂವತ್ತು ಗೆಣ್ಣಿನದು ಮಿಣುಕುತ್ತಾ ಕುಂಟುತ್ತಿತ್ತು. ಪ್ರತಿ ಹೆಜ್ಜೆಗೂ ಇಡೀ ಹಾವನ್ನು ಅಳಿಸಿ ಮತ್ತೆ ಬರೆಯುತ್ತಿದ್ದೆವು. ಮೂಲ ಎಕ್ಸ್‌ಟಿಯ 8088 ಚಿಪ್ಪು ಮಿಡಿಯುತ್ತಿದ್ದದ್ದು ಸೆಕೆಂಡಿಗೆ ಸುಮಾರು 48 ಲಕ್ಷ ಸಲ, ಅದರ ಮೇಲೆ ಸಾಲುಸಾಲಾಗಿ ಓದಿ ಅರ್ಥಮಾಡಿಕೊಳ್ಳುವ ಬೇಸಿಕ್. ಏನು ಮಾಡಿದರೂ ವೇಗ ಬರಲಿಲ್ಲ. ಮನೆಗೆ ಬಂದು ಚೌಕುಳಿ ಪುಸ್ತಕದಲ್ಲಿ ಹಾವಿನ ಎರಡು ಚಿತ್ರ ಬರೆದೆ, ಒಂದು ಹೆಜ್ಜೆ ಇಡುವ ಮುಂಚಿನದು, ಇಟ್ಟ ನಂತರದ್ದು. ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆಯಾಗಿದ್ದದ್ದು ಎರಡೇ ಮನೆ. ತಲೆಯ ಮುಂದೆ ಒಂದು ‘ಓ’ ಸೇರಿದೆ, ಬಾಲದ ಕೊನೆಯ ‘ಓ’ ಹೋಗಿದೆ. ನಡುವಿನ ಮೈಯೆಲ್ಲ ಇದ್ದಲ್ಲೇ ಇದೆ! ಹಾಗಾದರೆ ಮೈಯನ್ನು ಮುಟ್ಟುವುದೇಕೆ? ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರ ಹಾವು ಎಷ್ಟು ಉದ್ದವಾದರೂ ಒಂದೇ ವೇಗದಲ್ಲಿ ಹರಿಯಿತು. ಕಂಪ್ಯೂಟರ್ ವಿಜ್ಞಾನದಲ್ಲಿ ಇದನ್ನು ಕ್ಯೂ ಎನ್ನುತ್ತಾರೆ, ಒಂದು ತುದಿಯಲ್ಲಿ ಸೇರಿಸು, ಇನ್ನೊಂದು ತುದಿಯಲ್ಲಿ ತೆಗೆ. ಹೆಸರು ಗೊತ್ತಾಗುವ ಮೊದಲೇ ಅದು ನನ್ನ ಕೈಗೆ ಬಂದಿತ್ತು. ಯಂತ್ರ ನಿಧಾನವಾಗಿದ್ದರಿಂದ ಬಂತು.

ಎಂ.ಸಿ.ಎ. ಮುಗಿಸಿ ನಾನು ಎಂಜಿನಿಯರಿಂಗ್ ಕಾಲೇಜೊಂದಕ್ಕೆ ಪಾಠ ಹೇಳಲು ಸೇರಿದ್ದು 1996ರಲ್ಲಿ. ಲ್ಯಾಬಿನಲ್ಲಿ ಆಗಷ್ಟೇ ಪೆಂಟಿಯಂ ಯಂತ್ರಗಳು ಬಂದಿದ್ದವು. ಮೊದಲ ದಿನವೇ ಹಳೆಯ ಫ್ಲಾಪಿ ಹಾಕಿ ನನ್ನ ಹಾವಿನಾಟ ತೆರೆದೆ. ರನ್ ಒತ್ತಿದ್ದೇ ತಡ, ಹಾವು ಕಣ್ಣಿಗೆ ಕಾಣುವ ಮೊದಲೇ ಗೋಡೆಗೆ ಬಡಿದು ಸತ್ತಿತ್ತು. ಹೆಜ್ಜೆಗಳ ನಡುವೆ ತಡ ಮಾಡಿಸಲು ನಾನು ಒಂದರಿಂದ ಸಾವಿರದವರೆಗೆ ಸುಮ್ಮನೆ ಎಣಿಸುವ ಕುಣಿಕೆಯೊಂದನ್ನು ಹಾಕಿದ್ದೆ. ಎಕ್ಸ್‌ಟಿ ಅಷ್ಟು ಎಣಿಸಲು ತಕ್ಕಷ್ಟು ಹೊತ್ತು ಹಿಡಿಯುತ್ತಿತ್ತು, ಪೆಂಟಿಯಂಗೆ ಅದು ಲೆಕ್ಕಕ್ಕೇ ಇಲ್ಲ. ಯಂತ್ರದ ದುಡಿಮೆಯಿಂದ ಕಾಲವನ್ನು ಅಳೆದಿದ್ದೆ, ಅಳೆಯಬೇಕಾಗಿದ್ದದ್ದು ಗಡಿಯಾರದಿಂದ. ಟೈಮರ್ ಎಂಬ ಆಜ್ಞೆ ಬೇಸಿಕ್‌ನಲ್ಲೇ ಇತ್ತು, ನಡುರಾತ್ರಿಯಿಂದ ಕಳೆದ ಸೆಕೆಂಡುಗಳನ್ನು ಹೇಳುವುದು. ಅದನ್ನು ಹಾಕಿ ತಿದ್ದಿದೆ. ಆ ವರ್ಷದಿಂದ ಪ್ರತಿ ಬ್ಯಾಚಿಗೂ ಮೊದಲು ಆ ಸತ್ತ ಹಾವನ್ನು ತೋರಿಸಿ, ಆಮೇಲೆ ಪಾಠ ಶುರು ಮಾಡುತ್ತಾ ಬಂದೆ.

ಆ ಕಾಲದ ಹುಡುಗರಿಗೆ ಇನ್ನೊಂದು ಗುರುವಿತ್ತು. 1991ರ ಡಾಸ್ 5ರ ಜೊತೆ ಬಂದ ಕ್ಯೂಬೇಸಿಕ್‌ನಲ್ಲಿ ನಿಬ್ಬಲ್ಸ್, ಗೊರಿಲ್ಲಾ ಎಂಬ ಎರಡು ಆಟಗಳು, ಅವುಗಳ ಪೂರ್ತಿ ಪ್ರೋಗ್ರಾಂ ಸಮೇತ ಇದ್ದವು. ನಿಬ್ಬಲ್ಸ್ ಎಂದರೆ ಹಾವಿನಾಟವೇ. ಆಡಲು ತೆರೆದವರು ಕುತೂಹಲಕ್ಕೆ ಒಂದು ಸಂಖ್ಯೆ ಬದಲಿಸುತ್ತಿದ್ದರು: ಹಾವಿಗೆ ಐದು ಜೀವದ ಬದಲು ಐವತ್ತು. ಆಮೇಲೆ ಬಣ್ಣ, ಆಮೇಲೆ ಗೋಡೆ. ಹಾಗೆ ಬದಲಿಸುತ್ತಾ ಬದಲಿಸುತ್ತಾ ಒಂದು ದೊಡ್ಡ ಪ್ರೋಗ್ರಾಮನ್ನು ಓದಲು ಕಲಿತವರು ನನ್ನ ತರಗತಿಯಲ್ಲೇ ಹತ್ತಾರು ಮಂದಿ. ಬರೆಯುವುದನ್ನು ಎಲ್ಲರೂ ಕಲಿಸುತ್ತೇವೆ, ಬೇರೆಯವರು ಬರೆದದ್ದನ್ನು ಓದುವುದನ್ನು ಕಲಿಸಿದ್ದು ಆ ಹಾವು.

ಆಮೇಲೆ ಟರ್ಬೋ ಸಿ ಯುಗ. ನೀಲಿ ಪರದೆ, 640ಕ್ಕೆ 480 ಚುಕ್ಕಿ, ಹದಿನಾರು ಬಣ್ಣ. ಗ್ರಾಫಿಕ್ಸ್ ತೆರೆಯಲು ಬಿಜಿಐ ಕಡತಗಳ ದಾರಿ ಸರಿಯಾಗಿ ಹೇಳಬೇಕು, ಒಂದು ಓರೆಗೆರೆ ತಪ್ಪಿದರೂ ಏನೂ ಕಾಣದು. ಲ್ಯಾಬಿನ ಮೂಲೆಮೂಲೆಯಿಂದ ‘ಮೇಡಂ, ಬಿಜಿಐ ಎರರ್’ ಎಂಬ ಕೂಗು. ವಿಟಿಯು ಪಠ್ಯಕ್ರಮದಲ್ಲಿ ಓಪನ್ ಜಿಎಲ್ ಗ್ರಾಫಿಕ್ಸ್ ಲ್ಯಾಬ್ ಮತ್ತು ಅದಕ್ಕೊಂದು ಕಿರುಯೋಜನೆ ಬಂದಾಗ ಮಕ್ಕಳು ಆರಿಸಿಕೊಳ್ಳುತ್ತಿದ್ದದ್ದು ಹೆಚ್ಚಾಗಿ ಆಟಗಳನ್ನೇ. ಅಷ್ಟರಲ್ಲಿ ನೋಕಿಯಾ 3310 ಎಲ್ಲರ ಜೇಬಿನಲ್ಲಿತ್ತು. ಅದರ ಪರದೆ 84ಕ್ಕೆ 48 ಚುಕ್ಕಿ ಅಷ್ಟೇ. ಆ ಅಂಗೈಯಗಲದೊಳಗೆ ಹಾವು ಹರಿಯುವುದನ್ನು ಕಂಡು ಎಷ್ಟೋ ಮಕ್ಕಳಿಗೆ ತಾವೂ ಮಾಡಬಹುದೆಂಬ ಧೈರ್ಯ ಬಂತು.

ಮನೆಯವರಿಗೆ ಮಾತ್ರ ಧೈರ್ಯ ಇರಲಿಲ್ಲ. ‘ಆಟ ಆಡ್ಕೊಂಡು ಹೊಟ್ಟೆ ತುಂಬುತ್ತಾ ಮೇಡಂ?’ ಎಂದು ಕೇಳಿದ ತಂದೆ ತಾಯಿಯರು ಬಹಳ. ಅವರಿಗೆ ನಾನು ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಕಥೆ ಹೇಳುತ್ತಿದ್ದೆ. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಆ ಸಂಸ್ಥೆ ಹೊರದೇಶದ ದೊಡ್ಡ ಆಟಗಳಿಗೆ ಕೆಲಸ ಮಾಡುತ್ತಿತ್ತು. 2019ರಲ್ಲಿ ಅದನ್ನು ಆಟಗಳ ಕಂಪನಿ ರಾಕ್‌ಸ್ಟಾರ್ ಕೊಂಡಿತು. 2012ರಲ್ಲಿ ರಾಜ್ಯ ಸರ್ಕಾರವೇ ಅನಿಮೇಷನ್ ಮತ್ತು ಗೇಮಿಂಗ್‌ಗೆ ನೀತಿ ತಂದಿತು. ಕಸುಬೊಂದು ನಮ್ಮ ಕಣ್ಣೆದುರೇ ಹುಟ್ಟಿ ದುಡಿಯುವ ವಯಸ್ಸಿಗೆ ಬಂತು.

ಕಲಿಯುವ ಬಗೆಯೂ ಬದಲಾಯಿತು. 2007ರಲ್ಲಿ ಎಂಐಟಿಯಿಂದ ಬಂದ ಸ್ಕ್ರ್ಯಾಚ್‌ನಲ್ಲಿ ಚಿಕ್ಕ ಮಕ್ಕಳು ಬಣ್ಣದ ತುಂಡುಗಳನ್ನು ಜೋಡಿಸಿಯೇ ಆಟ ಕಟ್ಟುತ್ತಾರೆ. ದೊಡ್ಡವರಿಗೆ ಯೂನಿಟಿ, ಗೋಡೋ ಎಂಬ ಆಟ ಕಟ್ಟುವ ತಂತ್ರಾಂಶಗಳಿವೆ. ಬೀಳುವುದು, ಬಡಿಯುವುದು, ನೆರಳು, ಬೆಳಕು ಎಲ್ಲ ಒಳಗೇ ಸಿದ್ಧ. ಯೂನಿಟಿಯಲ್ಲಿ ಚಲನೆ ಬರೆಯುವವರು ‘ಡೆಲ್ಟಾ ಟೈಮ್’ ಎಂಬುದನ್ನು ಗುಣಿಸುತ್ತಾರೆ. ಹಿಂದಿನ ಚಿತ್ರದಿಂದ ಈ ಚಿತ್ರಕ್ಕೆ ಕಳೆದ ಕಾಲ ಅದು. ನನ್ನ ಸತ್ತ ಹಾವಿಗೆ ಮದ್ದು ಅದೇ. ಏಕೆ ಗುಣಿಸುತ್ತೀರಿ ಎಂದು ಕೇಳಿದರೆ ಮಕ್ಕಳು, ‘ಎಲ್ಲ ವಿಡಿಯೊದಲ್ಲೂ ಹಾಗೇ ಮಾಡ್ತಾರೆ ಮೇಡಂ’ ಅನ್ನುತ್ತಾರೆ. ಅವರ ತಪ್ಪಲ್ಲ. ಅವರ ಯಂತ್ರ ಯಾವತ್ತೂ ಕುಂಟಿಲ್ಲ. ಇಡೀ ಹಾವನ್ನು ಅಳಿಸಿ ಬರೆದರೂ ಇವತ್ತಿನ ಫೋನಿಗೆ ಗೊತ್ತೇ ಆಗುವುದಿಲ್ಲ. ಈಗಂತೂ ಎಐಗೆ ಒಂದು ಸಾಲು ಬರೆದರೆ ಹಾವಿನಾಟ ನಿಮಿಷದಲ್ಲಿ ಸಿದ್ಧ. ಸಿದ್ಧ ಪ್ರಾಜೆಕ್ಟು ಮಾರುವ ಅಂಗಡಿಗಳು ಮೊದಲೂ ಇದ್ದವು; ವೈವಾದಲ್ಲಿ ಎರಡು ಪ್ರಶ್ನೆ ಕೇಳಿದರೆ ತಿಳಿಯುತ್ತಿತ್ತು. ನನ್ನನ್ನು ಕಾಡಿದ ಯೋಚನೆ ಬೇರೆ. ‘ಇದು ಸರಿಯಿಲ್ಲ, ಮತ್ತೆ ಯೋಚಿಸು’ ಎಂದು ನನಗೆ ಹೇಳಿದ್ದು ಆ ಬಡ ಎಕ್ಸ್‌ಟಿ. ಈ ಮಕ್ಕಳಿಗೆ ಅದನ್ನು ಯಾರು ಹೇಳಬೇಕು?

ಉತ್ತರ ಕಂಡದ್ದು ಎರಡು ವರ್ಷದ ಹಿಂದೆ. ನಂಜನಗೂಡು ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಗಾಗಿ ಫೋನಿನಲ್ಲಿ ಚೌಕಾಬಾರ ಮಾಡಲು ಹೊರಟಳು. ಅಕ್ಷರಗಳೆಲ್ಲ ಕನ್ನಡದಲ್ಲೇ ಇರಬೇಕೆಂಬ ಹಟ ಅವಳಿಗೆ. ಮೊದಲು ಬಳಸಿದ ತಂತ್ರಾಂಶದಲ್ಲಿ ಒತ್ತಕ್ಷರ ಕೂಡಿಕೊಳ್ಳದೆ ‘ಕಟ್ಟೆ’ಯ ಒತ್ತು ಕಿತ್ತು ಪಕ್ಕದಲ್ಲಿ ಕೂತಿತ್ತು. 2023ರಲ್ಲಿ ಬಂದ ಗೋಡೋ 4ರಲ್ಲಿ ನಮ್ಮಂಥ ಲಿಪಿಗಳನ್ನು ಕೂಡಿಸಿ ಬರೆಯುವ ವ್ಯವಸ್ಥೆ ಇತ್ತು, ಅಲ್ಲಿಗೆ ಬಂದಳು. ಇಪ್ಪತ್ತೈದು ಮನೆ: ಹೊರಸುತ್ತು ಹದಿನಾರು, ಒಳಸುತ್ತು ಎಂಟು, ನಡುವೆ ಹಣ್ಣಾಗುವ ಮನೆ ಒಂದು. ಕಾಯಿ ಹೊರಗೆ ಒಂದು ದಿಕ್ಕಿಗೆ ನಡೆದು, ಒಳಗೆ ಬಂದ ಮೇಲೆ ಎದುರು ದಿಕ್ಕಿಗೆ ತಿರುಗಬೇಕು. ಆ ದಾರಿಯನ್ನು ಅವಳು ಅರೇಯಲ್ಲಿ ಒಂದೇ ಪಟ್ಟಿಯಾಗಿ ಬರೆದಿಟ್ಟದ್ದು ನೋಡಿ ನನಗೆ ಸಂತೋಷವಾಯಿತು.

ಕವಡೆ ಹಾಕುವ ಭಾಗವನ್ನು ಎಐಯಿಂದ ಬರೆಸಿದ್ದಳು. ಒಂದು, ಎರಡು, ಮೂರು, ನಾಲ್ಕು, ಎಂಟು, ಈ ಐದರಲ್ಲಿ ಯಾವುದಾದರೊಂದು ಬೀಳುತ್ತದೆ. ತಪ್ಪು ಸಂದೇಶ ಒಂದೂ ಇಲ್ಲ. ನಾನೂ ನೋಡಿದೆ, ನನಗೂ ತಪ್ಪು ಕಾಣಲಿಲ್ಲ. ಊರಿಗೆ ಹೋಗಿ ಅಜ್ಜಿ ಕೈಗೆ ಕೊಟ್ಟಳಂತೆ. ನಾಲ್ಕು ಸುತ್ತು ಆಡಿದ ಅಜ್ಜಿ ಫೋನು ಕೆಳಗಿಟ್ಟು, ‘ಇದ್ಯಾಕವ್ವ ಇಷ್ಟೊಂದು ಎಂಟು ಬೀಳ್ತದೆ? ಕವಡೆ ಹಿಂಗೆ ಬೀಳಕಿಲ್ಲ’ ಅಂದರಂತೆ.

ಅಜ್ಜಿಯೇ ಸರಿ. ನಾಲ್ಕು ಕವಡೆಯೂ ಬೋರಲು ಬಿದ್ದರೆ ಎಂಟು. ಕವಡೆ ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮ ಎಂದಿಟ್ಟುಕೊಂಡರೆ ಹದಿನಾರಕ್ಕೆ ಒಮ್ಮೆ ಅದು ಬರಬೇಕು. ಎರಡು ಮಾತ್ರ ಹದಿನಾರರಲ್ಲಿ ಆರು ಸಲ. ಪ್ರೋಗ್ರಾಂ ಎಲ್ಲಕ್ಕೂ ಐದರಲ್ಲಿ ಒಂದು ಪಾಲು ಕೊಟ್ಟಿತ್ತು. ಸೋಮವಾರ ಅವಳು ಬಂದು ಇದನ್ನೆಲ್ಲ ತಾನೇ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಳು. ಅಷ್ಟಕ್ಕೇ ನಿಲ್ಲಲಿಲ್ಲ. ‘ನಿಜವಾದ ಕವಡೆ ಎರಡೂ ಕಡೆ ಸಮ ಬೀಳುತ್ತಾ ಮೇಡಂ?’ ಎಂದಳು. ಅಜ್ಜಿಯ ಕವಡೆಗಳನ್ನು ಕೈಚೀಲದಲ್ಲಿ ತಂದಿದ್ದಳು.

ಅಂದು ಲ್ಯಾಬಿನ ಮೂವತ್ತು ಕಂಪ್ಯೂಟರುಗಳನ್ನು ಅವುಗಳ ಪಾಡಿಗೆ ಬಿಟ್ಟು ನೆಲದ ಮೇಲೆ ಕೂತೆವು. ಅವಳು ಕವಡೆ ಹಾಕಿದಳು, ಒಬ್ಬ ಹುಡುಗ ಕೂಗಿದ, ಇನ್ನೊಬ್ಬಳು ಚೌಕುಳಿ ಪುಸ್ತಕದಲ್ಲಿ ಗೀಟು ಹಾಕಿದಳು. ಇನ್ನೂರು ಸಲ. ಬಾಗಿಲಲ್ಲಿ ಸಾಲಾಗಿ ಬಿಟ್ಟ ಚಪ್ಪಲಿಗಳಿರಲಿಲ್ಲ, ಕಿಟಕಿಗೆ ದಪ್ಪ ಪರದೆಗಳಿರಲಿಲ್ಲ. ಆ ಹುಡುಗಿಯ ಮುಖದಲ್ಲಿ ಮಾತ್ರ ನಾನು ಚೌಕುಳಿ ಪುಸ್ತಕದ ಮುಂದೆ ಎಚ್ಚರವಾಗಿ ಕಳೆದ ಆ ರಾತ್ರಿ ಇತ್ತು.