ಯಾರೂ ಕೇಳಿರಲಿಲ್ಲ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, 24ನೇ ಕೋಣೆ. ಹೆಚ್ಚುಕಡಿಮೆ ಎಂಟಡಿ ಎತ್ತರದ ಕರಿಕಲ್ಲಿನ ಆಳು, ನಾಲ್ಕು ಟನ್ನಿನಷ್ಟು ತೂಕ. ಹುಬ್ಬು ಮುಂದಕ್ಕೆ ಚಾಚಿರುವುದರಿಂದ ಕಣ್ಣಿನ ಜಾಗದಲ್ಲಿ ನೆರಳು ಮಾತ್ರ ಇದೆ. ತುಟಿ ಬಿಗಿಹಿಡಿದು, ಗದ್ದ ಮುಂದೆ ಮಾಡಿಕೊಂಡು ನಿಂತಿದ್ದಾನೆ. ಬಂದವರೆಲ್ಲ ಎದುರಿಗೆ ನಿಂತು ಫೋಟೊ ತೆಗೆದುಕೊಂಡು ಹೋಗುತ್ತಾರೆ. ನಾನೂ ಹೊರಟಿದ್ದವನು, ಯಾಕೋ ಒಮ್ಮೆ ಹಿಂದಕ್ಕೆ ಸುತ್ತಿ ಬಂದೆ.

ಬೆನ್ನಿನ ತುಂಬ ಕೆತ್ತನೆ! ಸೊಂಟದಲ್ಲಿ ಉಡಿದಾರದಂಥ ಪಟ್ಟಿ, ಅದರ ಮೇಲೊಂದು ಬಳೆಯಾಕಾರ. ಇನ್ನೂ ಮೇಲೆ ಇಬ್ಬರು ಎದುರುಬದುರಾಗಿದ್ದಾರೆ. ತಲೆ ಹಕ್ಕಿಯದು, ಮೈ ಮನುಷ್ಯರದು. ಅವರ ತಲೆಯ ಮೇಲೊಂದು ಪುಟ್ಟ ಹಕ್ಕಿ. ಕಿವಿಗಳ ಹಿಂಬದಿಯಲ್ಲಿ ದೋಣಿಯ ಹುಟ್ಟಿನಂಥ ಆಕಾರ. ಮುಖ ಒಂದು ಕಾಲದವರ ಕೆಲಸ, ಹಕ್ಕಿಮನುಷ್ಯರು ಆಮೇಲಿನವರ ಕೆಲಸ. ಹಳೆಯ ಕಲ್ಲಿನ ಬೆನ್ನಿಗೆ ಹೊಸ ನಂಬಿಕೆಯನ್ನು ಬರೆದಿದ್ದಾರೆ. ಎಷ್ಟು ಹೊತ್ತು ಅಲ್ಲೇ ನಿಂತಿದ್ದೆನೋ ನೆನಪಿಲ್ಲ. ಈ ಟಿಪ್ಪಣಿಗಳು ಶುರುವಾದದ್ದು ಅಲ್ಲಿ.

ಇದರ ಹೆಸರು ಹೋವಾ ಹಕಾನನಾಯಿಯಾ. ‘ಕದ್ದ ಗೆಳೆಯ’ ಎಂದು ಅರ್ಥ ಹೇಳುತ್ತಾರೆ, ‘ಅಡಗಿಸಿಟ್ಟ ಗೆಳೆಯ’ ಎನ್ನುವವರೂ ಇದ್ದಾರೆ.

*

ಇದರ ಊರು ರಾಪಾ ನುಯಿ ದ್ವೀಪ. 1722ರ ಏಪ್ರಿಲ್ 5, ಈಸ್ಟರ್ ಭಾನುವಾರ, ಡಚ್ಚರ ಯಾಕೋಬ್ ರೊಗ್ಗೆವೀನ್ ಅದನ್ನು ಕಂಡ. ಹಾಗಾಗಿ ಅದು ಹೊರಗಿನವರ ಬಾಯಲ್ಲಿ ಈಸ್ಟರ್ ದ್ವೀಪವಾಯಿತು. ಡಚ್ಚರು ದಡಕ್ಕೆ ಇಳಿದ ದಿನವೇ ಗುಂಡು ಹಾರಿಸಿದರು, ಹತ್ತು ಹನ್ನೆರಡು ಜನ ಅಲ್ಲೇ ಸತ್ತರು. ಅದೇ ರೊಗ್ಗೆವೀನ್ ತನ್ನ ದಿನಚರಿಯಲ್ಲಿ ಒಂದು ಸೋಜಿಗ ದಾಖಲಿಸಿದ್ದಾನೆ: ದಪ್ಪ ಮರವಿಲ್ಲದ, ಗಟ್ಟಿ ಹಗ್ಗವಿಲ್ಲದ ಈ ಜನ ಇಷ್ಟೆತ್ತರದ ಕಲ್ಲುಗಳನ್ನು ನಿಲ್ಲಿಸಿದ್ದು ಹೇಗೆ? ಮುನ್ನೂರು ವರ್ಷ ಜಗತ್ತು ಕೇಳುತ್ತಾ ಬಂದಿರುವುದು ಇದೇ ಪ್ರಶ್ನೆ. ಸತ್ತ ಹತ್ತು ಹನ್ನೆರಡು ಜನರ ಬಗ್ಗೆ ಅಷ್ಟು ಕೇಳಿದವರಿಲ್ಲ.

ದ್ವೀಪದ ವಿಸ್ತೀರ್ಣ 163 ಚದರ ಕಿಲೋಮೀಟರ್. ಮೂರು ಆರಿದ ಜ್ವಾಲಾಮುಖಿಗಳು ಸೇರಿ ಆದ ತ್ರಿಕೋನ. ಅದನ್ನು ಆಳುವ ಚಿಲಿಯ ಕರಾವಳಿ ಸುಮಾರು 3,500 ಕಿಲೋಮೀಟರ್ ದೂರ. ಇನ್ನೊಂದು ಕಡೆಗೆ ಜನವಸತಿಯಿರುವ ಹತ್ತಿರದ ದ್ವೀಪ ಪಿಟ್‌ಕೇರ್ನ್, ಅದೂ 2,000 ಕಿಲೋಮೀಟರ್. ಭೂಪಟ ಹರಡಿಕೊಂಡು ಅಕ್ಷಾಂಶ ರೇಖಾಂಶ ಲೆಕ್ಕ ಹಾಕಿದೆ. ರಾಪಾ ನುಯಿಯಿಂದ ಭೂಮಿಯ ನಡುವಿನ ಮೂಲಕ ನೇರವಾಗಿ ಒಂದು ದಬ್ಬಳ ಚುಚ್ಚಿದರೆ ಅದು ಹೊರಬರುವುದು ರಾಜಸ್ಥಾನದ ಜೈಸಲ್ಮೇರ್ ಹತ್ತಿರದ ಮರಳಿನಲ್ಲಿ. ಭೂಮಿಯ ಮೇಲೆ ನಮ್ಮ ದೇಶದಿಂದ ಇದಕ್ಕಿಂತ ದೂರ ಹೋಗಲು ಜಾಗವೇ ಇಲ್ಲ.

ಅಂಥ ಕಡೆಗೆ ಕ್ರಿ.ಶ. 1200ರ ಆಸುಪಾಸಿನಲ್ಲಿ ಪಾಲಿನೇಷ್ಯದ ಜನ ದೋಣಿಗಳಲ್ಲಿ ಬಂದು ನೆಲೆಸಿದರು. ನಕ್ಷತ್ರ, ಅಲೆ, ಹಕ್ಕಿ ನೋಡಿ ದಾರಿ ಹಿಡಿದು ಬಂದವರು. ನನಗೆ ಕೇಳಿದರೆ ಕಲ್ಲಿಗಿಂತ ದೊಡ್ಡ ಬೆರಗು ಇದು.

*

ರಾನೋ ರರಾಕು ಎಂಬ ಗುಡ್ಡ. ಜ್ವಾಲಾಮುಖಿಯ ಬೂದಿ ಒತ್ತಿ ಗಟ್ಟಿಯಾಗಿ ಆದ ಕಲ್ಲು. ದ್ವೀಪದಲ್ಲಿರುವ ಸುಮಾರು ಒಂಬೈನೂರು ‘ಮೋವಾಯಿ’ಗಳಲ್ಲಿ, ಅಂದರೆ ಇಂಥ ಕಲ್ಲಿನ ಆಳುಗಳಲ್ಲಿ, ನೂರಕ್ಕೆ ತೊಂಬತ್ತೈದು ಇದೇ ಗುಡ್ಡದ ಮಕ್ಕಳು. (ಲಂಡನ್ನಿನದು ಆ ಐದರ ಪೈಕಿ. ಗಡಸು ಬಸಾಲ್ಟಿನದು.) ಸುಮಾರು ನಾನೂರು ಇನ್ನೂ ಅಲ್ಲೇ ಇವೆ. ಕೆಲವು ಮುಗಿದು ಇಳಿಜಾರಿನಲ್ಲಿ ನಿಂತಿವೆ, ಕೆಲವು ಬಂಡೆಯಲ್ಲೇ ಅಂಗಾತ ಮಲಗಿವೆ.

ಆ ಮಲಗಿದವುಗಳ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿದೆ. ಕೆಲಸದ ಕ್ರಮ ಓದಿಕೊಳ್ಳಬಹುದು. ಮೊದಲು ಮುಖ, ಎದೆ, ಹೊಟ್ಟೆಯ ಮೇಲೆ ಕೂಡುವ ಉದ್ದ ಬೆರಳು. ಆಮೇಲೆ ಎರಡೂ ಪಕ್ಕದಿಂದ ಒಳಗೆ ಕೊರೆಯುತ್ತಾ ಹೋಗುವುದು. ಕೊನೆಗೆ ಬೆನ್ನುಮೂಳೆಯ ಗುಂಟ ಒಂದು ಸಣ್ಣ ಏಣು ಮಾತ್ರ ಬಂಡೆಗೆ ಅಂಟಿಕೊಂಡಿರುತ್ತದೆ, ಹೊಕ್ಕುಳಬಳ್ಳಿಯ ಹಾಗೆ. ಅದನ್ನೂ ಕಡಿದು, ಹಗ್ಗ ಕಟ್ಟಿ ಇಳಿಜಾರಿನಲ್ಲಿ ಜಾರಿಸಿ, ಗುಂಡಿಯಲ್ಲಿ ನಿಲ್ಲಿಸಿ, ಬೆನ್ನಿನ ಕೆಲಸ ಮುಗಿಸುತ್ತಿದ್ದರು. ಉಪಕರಣ ‘ತೋಕಿ’ ಎಂಬ ಕಲ್ಲಿನ ಉಳಿ. ಲೋಹ ಅವರಿಗೆ ಗೊತ್ತಿರಲಿಲ್ಲ. ತೋಕಿಗಳು ಇವತ್ತಿಗೂ ಆ ಗುಡ್ಡದಲ್ಲಿ ರಾಶಿಯಾಗಿ ಸಿಗುತ್ತವೆ.

ಪುಸ್ತಕ, ಪೋಸ್ಟರುಗಳಲ್ಲಿ ಕಾಣುವ ‘ತಲೆ’ಗಳು ಈ ಇಳಿಜಾರಿನವು. ಅವು ತಲೆಗಳಷ್ಟೇ ಎಂದು ಬಹಳ ಜನ ಇನ್ನೂ ನಂಬಿದ್ದಾರೆ. ಮೇಲಿನಿಂದ ಬಂದ ಮಣ್ಣು ಕತ್ತಿನ ತನಕ ತುಂಬಿದೆ. 1914ರಲ್ಲಿ ಬಂದ ಕ್ಯಾಥರೀನ್ ರೌಟ್‌ಲೆಜ್ ಮಣ್ಣು ತೋಡಿಸಿದಾಗ ಕೆಳಗೆ ಇಡೀ ದೇಹ ಸಿಕ್ಕಿತು.

ಒಂದು ಮೋವಾಯಿ 21 ಮೀಟರ್ ಉದ್ದ. ಬಂಡೆಯಿಂದ ಇನ್ನೂ ಬಿಟ್ಟಿಲ್ಲ. ಇದನ್ನು ಎಬ್ಬಿಸುವ ಆಸೆಯಿಂದಲೇ ಶುರುಮಾಡಿದರೋ, ಮಲಗಿರಲೆಂದೇ ಕೆತ್ತಿದರೋ? ಎಷ್ಟು ಸಲ ನೋಡಿದರೂ ಈ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

*

ಕಣ್ಣಿನ ವಿಷಯ ಬೇರೆಯಾಗಿ ಬರೆಯಬೇಕು.

ಗುಡ್ಡದಲ್ಲಿರುವ ಮೋವಾಯಿಗಳಿಗೆ ಕಣ್ಣಿನ ಕುಳಿಯೇ ಇಲ್ಲ. ಸಮುದ್ರದಂಚಿನ ‘ಆಹು’ ಎಂಬ ಕಟ್ಟೆಯ ಮೇಲೆ ನಿಂತ ಮೇಲಷ್ಟೇ ಕುಳಿ ತೆಗೆಯುತ್ತಿದ್ದರು. 1978ರಲ್ಲಿ ಅನಾಕೇನಾ ಎಂಬಲ್ಲಿ ಅಗೆಯುವಾಗ ಆ ದ್ವೀಪದವರೇ ಆದ ಸೋನಿಯಾ ಹಾವೋವಾ ಅವರಿಗೆ ಒಂದು ಕಣ್ಣು ಸಿಕ್ಕಿತು. ಬಿಳಿ ಹವಳದ ಗುಡ್ಡೆ, ಕೆಂಪು ಕಲ್ಲಿನ ಪಾಪೆ. ಅದುವರೆಗೆ ಆ ಕುಳಿಗಳು ಖಾಲಿಯೇ ಇದ್ದವೆಂದು ವಿದ್ವಾಂಸರು ತಿಳಿದಿದ್ದರು. ಕಣ್ಣು ಕೂರಿಸಿದಾಗ ಕಲ್ಲಿಗೆ ‘ಮನಾ’ ಎಂಬ ಶಕ್ತಿ ಬರುತ್ತದೆ, ಆಗ ಅದು ಹಿರಿಯರ ಜೀವಂತ ಮುಖವಾಗುತ್ತದೆ. ವಿಗ್ರಹಕ್ಕೆ ಕೊನೆಯಲ್ಲಿ ಕಣ್ಣು ತೆರೆಸುವ ಪದ್ಧತಿ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆ ಕಣ್ಣುಗಳು ನೋಡುತ್ತಿದ್ದುದು ಕಡಲನ್ನಲ್ಲ. ಹೆಚ್ಚುಕಡಿಮೆ ಎಲ್ಲ ಮೋವಾಯಿಗಳೂ ಕಡಲಿಗೆ ಬೆನ್ನು ಹಾಕಿ, ಊರಿನ ಕಡೆ ಮುಖ ಮಾಡಿ ನಿಂತವು. ಹೋದ ಅಜ್ಜಂದಿರು ಮನೆಮಕ್ಕಳ ಮೇಲೆ ಒಂದು ಕಣ್ಣಿಟ್ಟ ಹಾಗೆ.

*

ಮೋವಾಯಿಗಳು ಕಟ್ಟೆಗೆ ಬಂದದ್ದು ಹೇಗೆ ಎಂದು ಕೇಳಿದರೆ ದ್ವೀಪದ ಹಿರಿಯರು ಹೇಳುತ್ತಿದ್ದುದು ಒಂದೇ ಮಾತು: ನಡೆದುಕೊಂಡು ಬಂದವು.

ಕೇಳಿದವರು ಅದನ್ನು ಅಡಗೂಲಜ್ಜಿ ಕತೆ ಎಂದು ಬದಿಗಿಟ್ಟರು. ಮುಳುಗಿದ ಖಂಡದ ಕತೆಯನ್ನು ನಂಬಿದವರಿದ್ದರು. 1968ರಲ್ಲಿ ಎರಿಕ್ ಫಾನ್ ಡ್ಯಾನಿಕೆನ್ ಬಾಹ್ಯಾಕಾಶದಿಂದ ಬಂದವರ ಹೆಸರು ತಂದಾಗ ಲಕ್ಷಾಂತರ ಜನ ಆ ಪುಸ್ತಕ ಕೊಂಡರು. ಹುಡುಗನಾಗಿದ್ದಾಗ ನಾನೂ ಅದನ್ನೇ ನಂಬಿದ್ದೆ. ಆ ಕಲ್ಲುಗಳ ಮೊಮ್ಮಕ್ಕಳ ಮಾತೊಂದನ್ನು ಮಾತ್ರ ಯಾರೂ ನಂಬಲಿಲ್ಲ.

ತುಂಬಿದ ಗ್ಯಾಸ್ ಸಿಲಿಂಡರನ್ನೋ ಕಬ್ಬಿಣದ ಬೀರುವನ್ನೋ ಒಬ್ಬರೇ ಸರಿಸಿದವರಿಗೆ ಗೊತ್ತು. ಎತ್ತಲು ಹೋಗಬಾರದು. ಸ್ವಲ್ಪ ವಾಲಿಸಿ, ಒಂದು ಮೂಲೆಯ ಮೇಲೆ ತಿರುಗಿಸಿ ಇಡಬೇಕು. ಮತ್ತೆ ಈ ಕಡೆ ವಾಲಿಸಿ, ಆ ಮೂಲೆ. ಬೀರು ಕೋಣೆಯ ಆಚೆ ಗೋಡೆಗೆ ತಾನೇ ಹೆಜ್ಜೆ ಹಾಕಿಕೊಂಡು ಹೋಗುತ್ತದೆ. ಮನೆ ಖಾಲಿ ಮಾಡುವಾಗ ಬಂದ ಹಮಾಲಿಯೊಬ್ಬ ‘ಎತ್ಬೇಡಿ ಸಾರ್, ನಡೆಸ್ಕೊಂಡು ಬನ್ನಿ’ ಎಂದದ್ದು ನನಗೆ ನೆನಪಿದೆ.

1986ರಲ್ಲಿ ಪಾವೆಲ್ ಪಾವೆಲ್ ಎಂಬ ಜೆಕ್ ಎಂಜಿನಿಯರ್ ಹಗ್ಗ ಕಟ್ಟಿ ದ್ವೀಪದಲ್ಲೇ ಒಂದು ಮೋವಾಯಿಯನ್ನು ಹೀಗೆ ಹೆಜ್ಜೆ ಹಾಕಿಸಿದ. ಆಮೇಲೆ ಟೆರ್ರಿ ಹಂಟ್ ಮತ್ತು ಕಾರ್ಲ್ ಲಿಪೋ ಹವಾಯಿಯಲ್ಲಿ ನಾಲ್ಕೂಕಾಲು ಟನ್ನಿಗೂ ಮೀರಿದ ಕಾಂಕ್ರೀಟ್ ಪ್ರತಿಯೊಂದನ್ನು ಮಾಡಿಸಿ ನೋಡಿದರು. ಹದಿನೆಂಟು ಜನ, ಮೂರು ಹಗ್ಗ. ಎಡದವರು ಎಳೆದರು, ಬಲದವರು ಎಳೆದರು, ಹಿಂದಿನವರು ಮುಗ್ಗರಿಸದಂತೆ ಹಿಡಿದರು. ನಲವತ್ತು ನಿಮಿಷದಲ್ಲಿ ನೂರು ಮೀಟರ್ ನಡೆಯಿತು. ದಾರಿಯಲ್ಲೇ ಬಿದ್ದುಳಿದ ಹಳೆಯ ಮೋವಾಯಿಗಳನ್ನೂ ಅವರು ಗಮನಿಸಿದರು. ಅವುಗಳ ತಳ ಮುಂದಕ್ಕೆ ವಾಲುವಂತಿದೆ. ಇಳಿತದಲ್ಲಿ ಮುಖ ಅಡಿಯಾಗಿ ಬಿದ್ದವು ಹೆಚ್ಚು, ಏರಿನಲ್ಲಿ ಬೆನ್ನ ಮೇಲೆ ಬಿದ್ದವು ಹೆಚ್ಚು. ನಡೆಯುವವರು ಎಡವಿ ಬೀಳುವುದೂ ಹಾಗೆಯೇ ತಾನೆ?

ಮರದ ಚೌಕಟ್ಟಿಗೆ ಕಟ್ಟಿ ಎಳೆದರು ಎನ್ನುವವರೂ ಇದ್ದಾರೆ, ಅವರೂ ಪ್ರಯೋಗ ಮಾಡಿ ತೋರಿಸಿದ್ದಾರೆ. ಜಗಳ ಮುಗಿದಿಲ್ಲ. ನನ್ನ ತೀರ್ಮಾನ ಹಿರಿಯರ ಕಡೆಗೆ.

*

1955ರ ಕೊನೆಗೆ ನಾರ್ವೆಯ ಥೋರ್ ಹೇಯೆರ್ಡಾಲ್ ದ್ವೀಪಕ್ಕೆ ಬಂದ. ಅನಾಕೇನಾದಲ್ಲಿ ಬಿದ್ದಿದ್ದ ಒಂದು ಮೋವಾಯಿಯನ್ನು ಎಬ್ಬಿಸಿ ನಿಲ್ಲಿಸುತ್ತೇನೆಂದು ಆಗಿನ ಮೇಯರ್ ಪೆದ್ರೋ ಅತಾನ್ ಮುಂದೆ ಬಂದರು. ಹನ್ನೆರಡು ಜನ, ಮರದ ಸನ್ನೆಗೋಲು, ಮತ್ತೆ ಕಲ್ಲುಗಳು. ಸನ್ನೆಗೋಲಿನಿಂದ ಕೂದಲೆಳೆಯಷ್ಟು ಮೀಟುವುದು, ಆ ಸಂದಿಗೆ ಚಿಕ್ಕ ಕಲ್ಲು ತೂರಿಸುವುದು. ಮತ್ತೆ ಮೀಟುವುದು, ಸ್ವಲ್ಪ ದೊಡ್ಡ ಕಲ್ಲು. ಅಡಿಯಲ್ಲಿ ಕಲ್ಲಿನ ರಾಶಿ ಬೆಳೆದ ಹಾಗೆ ಮೋವಾಯಿ ತಲೆ ಎತ್ತುತ್ತಾ ಹೋಯಿತು. ಹದಿನೆಂಟನೆಯ ದಿನ ಅದು ಕಟ್ಟೆಯ ಮೇಲೆ ನಿಂತಿತು. ತೂಕ ಇಪ್ಪತ್ತೈದು ಟನ್ನಿನಷ್ಟು.

ಈ ವಿದ್ಯೆ ಅತಾನ್ ಅವರಿಗೆ ಮನೆಯ ಹಿರಿಯರಿಂದ ಬಂದದ್ದು. ಇಷ್ಟು ವರ್ಷ ಇಷ್ಟು ಜನ ಬಂದು ತಲೆ ಕೆಡಿಸಿಕೊಂಡರಲ್ಲ, ನೀವು ಯಾಕೆ ಹೇಳಲಿಲ್ಲ ಎಂದು ಹೇಯೆರ್ಡಾಲ್ ಕೇಳಿದನಂತೆ. ನನ್ನನ್ನು ಯಾರೂ ಕೇಳಿರಲಿಲ್ಲ ಎಂದರಂತೆ ಅತಾನ್.

ಟಿಪ್ಪಣಿ ಪುಸ್ತಕದ ಈ ಪುಟದಲ್ಲಿ ಆ ಉತ್ತರದ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

*

‘ಮರ ಕಡಿದು, ಕಲ್ಲು ಎಳೆದು, ತಮ್ಮ ತಲೆಯ ಮೇಲೆ ತಾವೇ ಚಪ್ಪಡಿ ಎಳೆದುಕೊಂಡ ಜನ.’ ರಾಪಾ ನುಯಿಯವರ ಬಗೆಗಿನ ಈ ಕತೆ ನಮ್ಮ ಪತ್ರಿಕೆಗಳಲ್ಲೂ ಪರಿಸರದ ಪಾಠವಾಗಿ ಎಷ್ಟೋ ಸಲ ಬಂದಿದೆ. ಜಾರೆಡ್ ಡೈಮಂಡ್ ಅವರ 2005ರ ಪುಸ್ತಕ ಅದನ್ನು ಜಗತ್ತಿಗೆಲ್ಲ ಹರಡಿತು. ತಾಳೆ ಜಾತಿಯ ಕಾಡು ಹೋದದ್ದು ನಿಜ. ದೋಣಿಯಲ್ಲಿ ಬಂದ ಇಲಿಗಳು ಬೀಜ ತಿಂದದ್ದೂ ಅದಕ್ಕೆ ಕಾರಣ ಎನ್ನುತ್ತಾರೆ. ಆದರೆ ಜನ ಸರ್ವನಾಶವಾದರು ಎನ್ನುವುದಕ್ಕೆ ಪುರಾವೆ ನಿಲ್ಲುತ್ತಿಲ್ಲ. ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿದ್ದ ಹದಿನೈದು ಹಳೆಯ ರಾಪಾನುಯಿ ಜನರ ಅವಶೇಷಗಳಿಂದ ಡಿಎನ್ಎ ತೆಗೆದು ನೋಡಿ 2024ರಲ್ಲಿ ಪ್ರಕಟಿಸಿದರು. 1600ರ ದಶಕಗಳಲ್ಲಿ ಜನಸಂಖ್ಯೆ ಕುಸಿದ ಗುರುತೇ ಅದರಲ್ಲಿಲ್ಲ. ಯುರೋಪಿನವರು ಬರುವುದಕ್ಕೆ ಮೊದಲೇ ಇವರಿಗೆ ದಕ್ಷಿಣ ಅಮೆರಿಕದವರ ಜೊತೆ ರಕ್ತಸಂಬಂಧ ಆಗಿತ್ತು ಎಂಬುದೂ ಅಲ್ಲೇ ತಿಳಿಯಿತು. ಆ ಖಂಡದ ಸಿಹಿಗೆಣಸು ಇವರ ಹೊಲಗಳಲ್ಲಿ ಬೆಳೆಯುತ್ತಿತ್ತು. ನಮ್ಮ ಸಂತೆಯ ಗೆಣಸೂ ಅದೇ ಗಿಡದ್ದು, ಬಂದ ದಾರಿ ಬೇರೆ.

ನಿಜವಾದ ಕುಸಿತಕ್ಕೆ ತಾರೀಖಿದೆ. 1862ರ ಕೊನೆಯಲ್ಲಿ ಪೆರುವಿನಿಂದ ಗುಲಾಮರ ಹಡಗುಗಳು ಬಂದವು. ಸುಮಾರು 1,500 ಜನರನ್ನು ಹಿಡಿದು ಒಯ್ದರು. ಅವರಲ್ಲಿ ಊರಿನ ಹಿರಿಯರು, ಮಂತ್ರ ಬಲ್ಲವರು, ‘ರೊಂಗೊರೊಂಗೊ’ ಎಂಬ ಬರಹ ಓದಬಲ್ಲವರು ಇದ್ದರು. ಬದುಕಿ ಹಿಂದಿರುಗಿದ ಬೆರಳೆಣಿಕೆಯಷ್ಟು ಜನರ ಜೊತೆ ಸಿಡುಬು ಬಂತು. 1877ರಲ್ಲಿ ತಲೆ ಎಣಿಸಿದಾಗ ಉಳಿದವರು 111.

ರೊಂಗೊರೊಂಗೊ ಕೆತ್ತಿದ ಹಲಗೆಗಳು ಇವತ್ತು ಜಗತ್ತಿನಲ್ಲೆಲ್ಲ ಸೇರಿ ಎರಡು ಡಜನ್ನಿನಷ್ಟು. ಒಂದು ಸಾಲು ಮುಗಿದರೆ ಹಲಗೆಯನ್ನು ತಲೆಕೆಳಗು ಮಾಡಿ ಮುಂದಿನ ಸಾಲು ಓದಬೇಕು. 1932ರಲ್ಲಿ ಗಿಯೋಮ್ ದ ಹೆವೆಶಿ ಎಂಬಾತ ಇದು ನಮ್ಮ ಸಿಂಧೂ ಲಿಪಿಯನ್ನೇ ಹೋಲುತ್ತದೆ ಎಂದ. ಮೂರು ಸಾವಿರಕ್ಕೂ ಹೆಚ್ಚು ವರ್ಷದ ಅಂತರ, ಅರ್ಧ ಭೂಮಂಡಲದ ದೂರ. ವಾದ ನಿಲ್ಲಲಿಲ್ಲ. ಎರಡೂ ಲಿಪಿಗಳಿಗೆ ಸಾಮಾನ್ಯವಾಗಿರುವುದು ಓದುವವರು ಇಲ್ಲ ಎಂಬುದು. ವ್ಯತ್ಯಾಸವೆಂದರೆ, ರೊಂಗೊರೊಂಗೊ ಓದುವವರನ್ನು ಯಾರು, ಯಾವ ವರ್ಷ ಹಡಗು ಹತ್ತಿಸಿದರು ಎಂದು ನಮಗೆ ಗೊತ್ತು.

1888ರಲ್ಲಿ ಚಿಲಿ ದ್ವೀಪವನ್ನು ಸೇರಿಸಿಕೊಂಡಿತು. ಆಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇಡೀ ದ್ವೀಪ ಕುರಿ ಸಾಕುವ ಕಂಪನಿಯ ಕೈಯಲ್ಲಿತ್ತು. ಆ ನೆಲದ ಜನ ಹಂಗಾ ರೋವಾ ಎಂಬ ಒಂದೇ ಊರಿನಲ್ಲಿ ಗೋಡೆಯೊಳಗೆ ಇರಬೇಕಾಯಿತು. ಅವರಿಗೆ ನಾಗರಿಕರ ಹಕ್ಕು ಸಿಕ್ಕಿದ್ದು 1966ರಲ್ಲಿ. ಇಷ್ಟೆಲ್ಲ ಬರೆದಿಟ್ಟ ದಾಖಲೆ ಇರುವಾಗ ‘ನಿಗೂಢವಾಗಿ ಮರೆಯಾದ ಜನಾಂಗ’ ಎಂದು ಬರೆಯುವುದು ತಪ್ಪು. ಅವರು ಮರೆಯಾಗಲೂ ಇಲ್ಲ. ಆ 111 ಜನರ ಮರಿಮಕ್ಕಳು ಅಲ್ಲೇ ಇದ್ದಾರೆ, ಅದೇ ಭಾಷೆ ಆಡುತ್ತಾರೆ, ರಾನೋ ರರಾಕು ಇರುವ ಉದ್ಯಾನವನ್ನು ತಾವೇ ನೋಡಿಕೊಳ್ಳುತ್ತಿದ್ದಾರೆ.

*

ಮತ್ತೆ 24ನೇ ಕೋಣೆ.

1868ರಲ್ಲಿ ಬ್ರಿಟಿಷ್ ನೌಕಾಪಡೆಯ ‘ಟೋಪಾಜ್’ ಹಡಗಿನವರಿಗೆ ಈ ಮೋವಾಯಿ ಸಿಕ್ಕಿದ್ದು ಒರೊಂಗೊ ಎಂಬಲ್ಲಿ, ಕಲ್ಲಿನ ಮನೆಯೊಂದರ ಒಳಗೆ, ಭುಜದವರೆಗೆ ಹೂತ ಸ್ಥಿತಿಯಲ್ಲಿ. ಆಗ ಮೈಮೇಲೆ ಕೆಂಪು ಬಿಳಿ ಬಣ್ಣವಿತ್ತು. ತೆಪ್ಪದ ಮೇಲೆ ಹಡಗಿಗೆ ಸಾಗಿಸುವಾಗ ಕಡಲ ನೀರಿಗೆ ಅದು ತೊಳೆದುಹೋಯಿತು. ಸಿಡುಬು ಬಂದು ಹೋಗಿ ಐದು ವರ್ಷವಾಗಿತ್ತಷ್ಟೆ. ಬೇಡ ಎನ್ನುವ ಶಕ್ತಿ ಆ ಊರಿನಲ್ಲಿ ಯಾರಿಗಿತ್ತು? ಮರುವರ್ಷ ವಿಕ್ಟೋರಿಯಾ ರಾಣಿ ಇದನ್ನು ಮ್ಯೂಸಿಯಂಗೆ ಕೊಟ್ಟಳು.

2018ರ ನವೆಂಬರಿನಲ್ಲಿ ರಾಪಾ ನುಯಿಯ ನಿಯೋಗ ಲಂಡನ್ನಿಗೆ ಬಂತು. ದ್ವೀಪದ ಗವರ್ನರ್ ತರೀತಾ ಅಲಾರ್ಕೋನ್ ರಾಪು ಕಣ್ಣೀರಿಡುತ್ತಾ ಇದನ್ನು ಹಿಂದಿರುಗಿಸಿ ಎಂದು ಬೇಡಿಕೊಂಡರು. ಬದಲಿಗೆ ಇಂಥದೇ ಒಂದನ್ನು ಕೆತ್ತಿಕೊಡುತ್ತೇವೆ ಎಂದೂ ದ್ವೀಪದವರು ಹೇಳಿದ್ದರು.

ಲಂಡನ್ನಿಗೆ ಹೋಗುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ಎದುರಿನಿಂದ ಫೋಟೊ ತೆಗೆದು ಹೊರಟುಬಿಡಬೇಡಿ. ಹಿಂದಕ್ಕೆ ಹೋಗಿ ಬೆನ್ನು ನೋಡಿ, ಅಲ್ಲಿರುವ ಎರಡು ಹಕ್ಕಿಮನುಷ್ಯರನ್ನು ನೋಡಿ. ಈ ಕಲ್ಲು ಅದರ ಊರಿಗೆ ಹೋಗಬೇಕು. ಈ ಸಲ ಅದರ ಮನೆಯವರು ಕೇಳಿದ್ದಾರೆ.