ತಲೆಗೊಂದು ಥರ್ಮೊಕೋಲ್

ಹಲಸೂರಿನ ಬಾಡಿಗೆ ಸೈಕಲ್ ಅಂಗಡಿಯಲ್ಲಿ ಆ ಕಾಲಕ್ಕೆ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ಯಾರ ಮನೆ ಹುಡುಗ, ಎಷ್ಟು ಗಂಟೆಗೆ ವಾಪಸ್ಸು. ತಲೆಯ ಬಗ್ಗೆ ಯಾರೂ ವಿಚಾರಿಸುತ್ತಿರಲಿಲ್ಲ. ಸೋಮೇಶ್ವರ ದೇವಸ್ಥಾನದ ಆಸುಪಾಸಿನ ಗಲ್ಲಿಗಳಲ್ಲಿ ಈ ಬರಹಗಾರ ಒಳಪೆಡಲು ಹೊಡೆಯುತ್ತ ಬಿದ್ದದ್ದಕ್ಕೆ ಲೆಕ್ಕವಿಲ್ಲ. ಮಂಡಿ ತರಚಿದರೆ ಕಾಫಿಪುಡಿ ಒತ್ತುತ್ತಿದ್ದರು. ಪೊಲೀಸರ ಭಯವೇನಿದ್ದರೂ ಡಬಲ್ಸ್ ಹೋದದ್ದಕ್ಕೆ, ರಾತ್ರಿ ಡೈನಮೊ ಉರಿಯದ್ದಕ್ಕೆ. ಸಿಕ್ಕಿಬಿದ್ದರೆ ಚಕ್ರದ ಗಾಳಿ ಬಿಡುತ್ತಿದ್ದರು.

ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಯ ದೆಸೆಯಿಂದ ಸೈಕಲ್ ಮತ್ತೆ ಮನೆಗೆ ಬಂತು, ಜತೆಗೆ ಮಗಳು ಕೊಡಿಸಿದ ಹೆಲ್ಮೆಟ್ಟು. "ಕಲ್ಲಂಗಡಿ ಹಣ್ಣು ಕವುಚಿಕೊಂಡ ಹಾಗಿದೆ ಕಣ್ರೀ" ಎಂದಳು ಹೆಂಡತಿ. ಮೊದಲ ತಿಂಗಳು ಅದು ತಲೆಗಿಂತ ಹ್ಯಾಂಡಲ್ ಬಾರನ್ನೇ ಹೆಚ್ಚು ಕಾಪಾಡಿತು.

ನಾಚಿಕೊಂಡವನು ಇವನೊಬ್ಬನೇ ಅಲ್ಲ. ಯುರೋಪಿನ ರೇಸ್ ಸವಾರರು ದಶಕಗಟ್ಟಲೆ ತೊಟ್ಟದ್ದು ಚರ್ಮದ ನಾಲ್ಕಾರು ಪಟ್ಟಿ ಹೊಲಿದ ಟೋಪಿ. ಬಿದ್ದರೆ ಕಿವಿ ಉಳಿದರೂ ಉಳಿಯಬಹುದಿತ್ತು, ಅಷ್ಟೇ. ಗಟ್ಟಿ ಚಿಪ್ಪಿನೊಳಗೆ ಥರ್ಮೊಕೋಲ್ ಕೂರಿಸಿದ ಹೆಲ್ಮೆಟ್ಟನ್ನು ಅಮೆರಿಕದ ಬೆಲ್ ಕಂಪನಿ 1975ರಲ್ಲೇ ತಂದರೂ ಇವರು ಕ್ಯಾರೇ ಎನ್ನಲಿಲ್ಲ. ಹಾಕಿದರೂ ಬೇರೆ ಆಸೆಗೆ. 1989ರ ಟೂರ್ ಡಿ ಫ್ರಾನ್ಸ್‌ನ ಕೊನೆಯ ದಿನ, 24.5 ಕಿಲೋಮೀಟರ್ ಓಟದಲ್ಲಿ, ಗ್ರೆಗ್ ಲೆಮಾಂಡ್ ಗಾಳಿ ಸೀಳಲೆಂದು ಬಾಲ ಚೂಪಾದ ಹೆಲ್ಮೆಟ್ ತೊಟ್ಟ. 50 ಸೆಕೆಂಡು ಮುಂದಿದ್ದ ಲೊರಾಂ ಫಿನ್ಯೋ ಬರಿದಲೆಯಲ್ಲಿ ಜುಟ್ಟು ಹಾರಿಸಿಕೊಂಡು ಹೋಗಿ 8 ಸೆಕೆಂಡಿನಿಂದ ಸೋತ. ಕೆಲವರು ಇವತ್ತಿಗೂ ಆ ಜುಟ್ಟಿನ ಮೇಲೇ ತಪ್ಪು ಹೊರಿಸುತ್ತಾರೆ.

1991ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರೇಸುಗಳಲ್ಲಿ ಹೆಲ್ಮೆಟ್ ಕಡ್ಡಾಯ ಮಾಡಲು ಹೋಯಿತು. ಸೆಖೆ, ಭಾರ, ನಮ್ಮ ತಲೆ ನಮ್ಮಿಷ್ಟ ಎಂದು ಸವಾರರು ಪ್ಯಾರಿಸ್–ನೀಸ್ ರೇಸಿನಲ್ಲಿ ಮುಷ್ಕರ ಹೂಡಿದರು. ಒಕ್ಕೂಟವೇ ಮಣಿಯಿತು. 1995ರಲ್ಲಿ ಫಾಬಿಯೋ ಕಸರ್ತೆಲ್ಲಿ ಎಂಬ ಸವಾರ ಬೆಟ್ಟ ಇಳಿಯುವಾಗ ಬಿದ್ದು ಸತ್ತಾಗಲೂ ನಿಯಮ ಬರಲಿಲ್ಲ. 2003ರ ಮಾರ್ಚ್‌ನಲ್ಲಿ, ಮುಷ್ಕರ ನಡೆದಿದ್ದ ಅದೇ ಪ್ಯಾರಿಸ್–ನೀಸ್‌ನಲ್ಲಿ, ಕಜಕಸ್ತಾನದ ಆಂದ್ರೇ ಕಿವಿಲೆವ್ ಬರಿದಲೆಯಲ್ಲಿ ಬಿದ್ದು ಮರುದಿನ ತೀರಿಕೊಂಡ. ವಯಸ್ಸು 29. ಮೇ ತಿಂಗಳಲ್ಲಿ ನಿಯಮ ಬಂತು. ಅದರಲ್ಲೂ ಕೊನೆಯ ದೊಡ್ಡ ಏರಿನಲ್ಲಿ ತೆಗೆಯಬಹುದೆಂಬ ರಿಯಾಯಿತಿ ಇತ್ತು. ಆಮೇಲೆ ಅದೂ ಹೋಯಿತು.

ಈ ಬರಹಗಾರನ ಪಾಲಿಗೆ ಅಂಥ ಯಾವ ಏರೂ ಇರಲಿಲ್ಲ. ಹಲಸೂರು ಕೆರೆ ಪಕ್ಕದ ಕೆನ್ಸಿಂಗ್ಟನ್ ರಸ್ತೆ, ಜಿನುಗು ಮಳೆ, ಅಡ್ಡ ಬಂದ ಒಂದು ಕಂದು ನಾಯಿ. ನಾಯಿ ತಿರುಗಿ ನೋಡುವಷ್ಟರಲ್ಲಿ ಇವನು ನೆಲ ಕಂಡಿದ್ದ. ಹೆಲ್ಮೆಟ್ ಅಂದು ಅದೃಷ್ಟಕ್ಕೆ ತಲೆಯ ಮೇಲಿತ್ತು. ಮನೆಗೆ ಬಂದು ತಿರುಗಿಸಿ ನೋಡಿದರೆ ಕಿವಿಯ ಮೇಲ್ಭಾಗದಲ್ಲಿ ಬೆರಳಗಲ ಜಾಗ ತಗ್ಗಾಗಿ, ಬಿಳಿ ಕಾಳುಗಳ ನಡುವೆ ಕೂದಲೆಳೆಯ ಸೀಳು.

ಅದರ ಕೆಲಸವೇ ಅಷ್ಟು. ಥರ್ಮೊಕೋಲಿನ ಕಾಳುಗಳೊಳಗೆ ಬಹುಪಾಲು ಗಾಳಿ. ಪೆಟ್ಟಿಗೆ ಜಜ್ಜಿಹೋಗುತ್ತ, ತಲೆ ನಿಲ್ಲುವುದನ್ನು ಕೆಲವು ಮಿಲಿಸೆಕೆಂಡು ತಡಮಾಡಿ ಮಿದುಳಿನ ಕುಲುಕಾಟ ತಗ್ಗಿಸುತ್ತವೆ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ, ಹಾಗಾಗಿ ಪೆಟ್ಟು ತಿಂದ ಹೆಲ್ಮೆಟ್ ಕಸಕ್ಕೆ. ಅಮೆರಿಕದ ಮಾನದಂಡದಲ್ಲಿ ಇದನ್ನು 2 ಮೀಟರ್ ಎತ್ತರದಿಂದ ಉಕ್ಕಿನ ದಿಮ್ಮಿಗೆ ಬೀಳಿಸಿ ನೋಡುತ್ತಾರೆ. ಹಿಂದಿನಿಂದ ಲಾರಿ ಗುದ್ದಿದರೆ ಎಂಬ ಪರೀಕ್ಷೆ ಅದರಲ್ಲಿಲ್ಲ. ದಂಡು ಪ್ರದೇಶದ ಬ್ರಿಟಿಷ್ ದೊರೆಗಳ ಸೋಲಾ ಟೋಪಿಯೂ ಥರ್ಮೊಕೋಲಿನ ಹಾಗೆ ಹಗುರವೇ, ನಮ್ಮ ಮದುವೆ ಬಾಸಿಂಗದಂತೆ ಬೆಂಡಿನಿಂದ ಮಾಡಿದ್ದು. ಆದರೆ ಅವರು ಹೆದರಿದ್ದು ಬಿಸಿಲಿಗೆ.

ಕಾನೂನು ಸೈಕಲ್ಲಿನವರ ತಂಟೆಗೆ ಬಂದಿಲ್ಲ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೇಳುವುದು ಮೋಟಾರು ಬೈಕಿನವರಿಗೆ. ಕರ್ನಾಟಕದಲ್ಲಿ 2016ರಿಂದ ಹಿಂಬದಿಯವರೂ ತಪ್ಪಿಸಿಕೊಳ್ಳುವಂತಿಲ್ಲ. ಪೇಟ ಕಟ್ಟಿದ ಸಿಖ್ಖರಿಗೆ ಮಾತ್ರ ವಿನಾಯಿತಿ, ಇವನು ಬಿದ್ದ ರಸ್ತೆಯಲ್ಲೇ ಅವರ ಗುರುದ್ವಾರವಿದೆ. ಆದರೆ ಬೆಂಗಳೂರಿನ ಸೈಕಲ್ ಹವ್ಯಾಸಿಗಳು 2008ರಲ್ಲಿ ಶುರುಮಾಡಿದ ಟೂರ್ ಆಫ್ ನೀಲಗಿರೀಸ್‌ನಲ್ಲಿ ಹೆಲ್ಮೆಟ್ ಇಲ್ಲದವನಿಗೆ ಜಾಗವಿಲ್ಲ. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಭಾನುವಾರ ಬೆಳಗ್ಗೆ ನಿಂತರೆ ಕಾಣುವ ತಲೆಗಳೂ ಅವೇ: ದುಬಾರಿ ಸೈಕಲ್ಲು, ಹೊಳೆಯುವ ಹೆಲ್ಮೆಟ್ಟು. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸೈಕಲ್ ಪಥ ಗುರುತಿಸಿದಾಗಲೂ ಪಟಗಳಲ್ಲಿ ಮಿಂಚಿದವರು ಇವರೇ. ಕೆ.ಆರ್. ಪುರದ ಕಡೆ ನಸುಕಿನಲ್ಲಿ ಡ್ಯೂಟಿ ಮುಗಿಸಿ ಮನೆಗೆ ತುಳಿಯುವ ಸೆಕ್ಯುರಿಟಿಯವರು, ಪೇಪರ್ ಹುಡುಗರು, ಹಾಲಿನವರು ಬರಿದಲೆಯಲ್ಲೇ. ದಿನಾ ದೊಡ್ಡ ರಸ್ತೆಯಲ್ಲಿ ಲಾರಿ ಪಕ್ಕ ಸಾಗುವವರು ಅವರು.

ಕೆರೆ ಬಳಿ ಸೈಕಲ್ಲಿನಲ್ಲಿ ಫ್ಲಾಸ್ಕ್ ಇಟ್ಟು ಟೀ ಮಾರುವವರಿಗೆ ಇವನು ಇದನ್ನೆಲ್ಲ ವಿವರಿಸಿ, ನೀವೂ ಒಂದು ಹಾಕ್ಕೊಳ್ಳಿ ಎಂದ.

"ಎಷ್ಟಾಗುತ್ತೆ ಸಾರ್?"

ಬೆಲೆ ಕೇಳಿ ಅವರು ನಕ್ಕರು. "ಎರಡು ಫ್ಲಾಸ್ಕ್ ಬರುತ್ತಲ್ಲ!" ಎಂದವರು, ಆ ಒಡೆದದ್ದನ್ನು ಕೊಡಿ ಎಂದು ಕೇಳಿದರು. ಅದು ತಲೆಗೆ ಬಾರದು ಎಂದರೆ, ತಲೆಗಲ್ಲ ಎಂದರು.

ಮುಂದಿನ ವಾರ ನೋಡಿದರೆ ಹೆಲ್ಮೆಟ್ಟು ಹ್ಯಾಂಡಲ್ಲಿಗೆ ಮಗುಚಿ ನೇತುಬಿದ್ದಿದೆ, ಒಳಗೆ ಸಾಲಾಗಿ ಪೇಪರ್ ಲೋಟಗಳು. ಟೀ ಬಗ್ಗಿಸುತ್ತ ಅವರು ಕೇಳಿದರು: "ಬಿಸ್ಕತ್ತಿಗೂ ಇನ್ನೊಂದು ಬೇಕಿತ್ತು ಸಾರ್. ಮತ್ತೆ ಯಾವಾಗ ಬೀಳ್ತೀರ?"