ಬಾಗಿಲ ಮೇಲಿನ ಕಣ್ಣು

ರಾಯದುರ್ಗ, ಮಡಕಶಿರಾ ಭಾಗದ ಮನೆಗಳಿಗೆ ಭೇಟಿ ಕೊಟ್ಟಾಗ ಈಗ ನಮ್ಮನ್ನು ಮೊದಲು ನೋಡುವುದು ಬಾಗಿಲ ಮೇಲಿನ ಕ್ಯಾಮೆರಾ. 2022ರಲ್ಲಿ ಮಡಕಶಿರಾ ಅನಂತಪುರದಿಂದ ಬೇರ್ಪಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆದರೂ ಎರಡೂ ಕಡೆಯ ಮಕ್ಕಳು ಬಳ್ಳಾರಿ, ಬೆಂಗಳೂರೆಂದು ದುಡಿಯಲು ಹೋಗುವುದು ತಪ್ಪಿಲ್ಲ.

ಬೀಗ ಹಾಕಿದ ಮನೆ ಕಾಯಲು ಆಂಧ್ರ ಪೊಲೀಸರು ಎಲ್‌ಎಚ್‌ಎಂಎಸ್ ಎಂಬ ವ್ಯವಸ್ಥೆ ತಂದರು. ಮನೆಯವರು ಕೇಳಿಕೊಂಡರೆ ಪೊಲೀಸರೇ ಒಳಗೆ ಕ್ಯಾಮೆರಾ ಇಡುತ್ತಾರೆ. ಯಾರಾದರೂ ನುಗ್ಗಿದರೆ ಕಂಟ್ರೋಲ್ ರೂಮಿಗೆ ಸೂಚನೆ ಹೋಗುತ್ತದೆ. ಖಾಲಿ ಮನೆಗೆ ಒಳ್ಳೆಯದೇ. ಮನೆಯಲ್ಲಿ ಜನ ಇರುವಾಗ?

ಒಂದು ಮನೆಯಲ್ಲಿ ಮಗ ನಡುಮನೆಯಲ್ಲೂ ಕ್ಯಾಮೆರಾ ಹಾಕಿಸಿದ್ದಾನೆ. ತಾಯಿ ನಮ್ಮೊಡನೆ ಮಾತಾಡಲು ಅಡುಗೆಮನೆಗೆ ಎದ್ದು ಬಂದರು. “ಅಲ್ಲಿ ಕೂತ್ರೆ ಅವನಿಗೆ ಕೇಳಿಸ್ತದೆ ಫಾದರ್. ಹಗಲು ಮಲಗಿದ್ರೂ ಯಾಕಂತ ಫೋನ್ ಮಾಡ್ತಾನೆ.” ಮಗನ ಕಳಕಳಿ ಸುಳ್ಳಲ್ಲ. ತಾಯಿಯ ಸಂಕಟವೂ ಸುಳ್ಳಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪಿತ್ತಿತು. ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದು ಸರ್ಕಾರದ ಎದುರು ಹೂಡಿದ ದಾವೆ. ಹೆತ್ತ ತಾಯಿ ಮಗನ ಮೇಲೆ ಕೋರ್ಟಿಗೆ ಹೋಗುವಳೇ?

ಕ್ಯಾಮೆರಾ ಬೀದಿಬಾಗಿಲಿಗಿರಲಿ. ಒಳಗೂ ಬೇಕೆಂದರೆ ಒಳಗಿರುವವರನ್ನು ಕೇಳಿ ಹಾಕಿಸಿ. ಆರಿಸುವ ಸ್ವಿಚ್ಚು ಅವರ ಕೈಗೆ ಸಿಗುವಂತಿರಲಿ. ಕ್ಯಾಮೆರಾದೊಂದಿಗೆ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೌಟರುಗಳೊಳಗೆ ನುಸುಳಿದ್ದು ಹೀಗೆ ಬದಲಿಸದೆ ಬಿಟ್ಟ ಪಾಸ್‌ವರ್ಡುಗಳಿಂದಲೇ. ಕ್ಯಾಮೆರಾ ಹಾಕಿದ ಹುಡುಗ ಬರೆದುಕೊಟ್ಟ ಚೀಟಿ ಎಷ್ಟೋ ಮನೆಗಳಲ್ಲಿ ಇನ್ನೂ ಟಿವಿಯ ಪಕ್ಕದಲ್ಲೇ, ಬಂದವರಿಗೆಲ್ಲ ಕಾಣುವಂತೆ, ಅಂಟಿಕೊಂಡಿರುವುದನ್ನು ನಾವು ನೋಡಿದ್ದೇವೆ.